ಡ್ಯಾಶ್‌ಬೋರ್ಡ್ ಕತ್ತರಿಸದೆ ನ್ಯಾವಿಗೇಶನ್ ಯೂನಿಟ್ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ನನ್ನ ಕೆಲಸ. ತೋಟದ ಮನೆಗಳಿಗೆ ತಿರುಗಾಟ ಜಾಸ್ತಿ. ಅರ್ಧ ದಾರಿಯಲ್ಲಿ ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ. ಬೆಂಗಳೂರಿನ ಭಾವ ತಮ್ಮ ಹಳೆಯ 5 ಇಂಚಿನ ಜಿಪಿಎಸ್ ಯೂನಿಟ್ ಕೊಟ್ಟಿದ್ದಾರೆ. ಆದರೆ ಗಾಜಿಗೆ ಅಂಟುವ ರಬ್ಬರ್ ಕಪ್ ಹುಲಿಕಲ್ ಘಾಟಿಯಲ್ಲಿ ಎರಡು ಸಲ ಕಳಚಿ, ಯೂನಿಟ್ ಕಾಲಡಿಗೆ ಬಿತ್ತು. ಚಾರ್ಜರ್ ವೈರು ಗೇರಿಗೆ ಸುತ್ತಿಕೊಳ್ಳುತ್ತದೆ. ಕಾರು 11 ವರ್ಷ ಹಳೆಯದು. ಸಣ್ಣ ಸ್ಟೀರಿಯೊ, ಅದರ ಕೆಳಗೆ ಒಂದು ಖಾಲಿ ಗೂಡು ಇದೆ. ಆ ಜಾಗ ಕತ್ತರಿಸಿ, ಕಂಪನಿಯಿಂದಲೇ ಬಂದ ಹಾಗೆ ಕೂರಿಸಬಹುದಾ? ಸಿಗ್ನಲ್ ಬರುತ್ತದಾ? ಕರೆಂಟ್ ಎಲ್ಲಿಂದ ತೆಗೆಯಬೇಕು?

ಉತ್ತರ: ಕೂರಿಸಬಹುದು. ಆದರೆ ದಯವಿಟ್ಟು ಡ್ಯಾಶ್‌ಬೋರ್ಡ್ ಕತ್ತರಿಸಬೇಡಿ. ಆ ಗೂಡಿನ ಜಾಗವೂ ಬೇಡ.

ಕಾಲಡಿಗೆ ಬಿತ್ತು ಅಂತ ನೀವು ಬರೆದದ್ದು ಓದಿ ನನಗೆ ಗಾಬರಿ ಆಯಿತು. ಇಳಿಜಾರಿನಲ್ಲಿ ಅದು ಉರುಳಿ ಬ್ರೇಕ್ ಪೆಡಲ್ ಅಡಿಗೆ ಸಿಕ್ಕಿಕೊಂಡರೆ ಪೆಡಲ್ ಪೂರ್ತಿ ಒತ್ತಲು ಆಗುವುದಿಲ್ಲ. ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿ ಏನು? ಈ ಕೆಲಸ ಮುಗಿಯುವವರೆಗೆ ಅದನ್ನು ಗಾಜಿಗೆ ಅಂಟಿಸಲೇಬೇಡಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರ ಕೈಗೆ ಕೊಡಿ. ಒಬ್ಬರೇ ಇದ್ದರೆ ಗಾಡಿ ಬದಿಗೆ ನಿಲ್ಲಿಸಿ, ದಾರಿ ನೋಡಿಕೊಂಡು ಮುಂದೆ ಹೋಗಿ. ರಬ್ಬರ್ ಕಪ್ಪನ್ನು ಹಿಡಿದಿಡುವುದು ಹೊರಗಿನ ಗಾಳಿಯ ಒತ್ತಡ ಮಾತ್ರ. ಬಿಸಿಲಿಗೆ ರಬ್ಬರ್ ಗಟ್ಟಿಯಾದ ಮೇಲೆ, ಗಾಜಿನ ಮೇಲೆ ಧೂಳೋ ತೇವವೋ ಇದ್ದಾಗ, ಅಂಚಿನಿಂದ ಗಾಳಿ ನಿಧಾನಕ್ಕೆ ಒಳಗೆ ನುಸುಳುತ್ತದೆ. ನಮ್ಮ ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿಲ್ಲ.

ಕತ್ತರಿಸಬೇಡಿ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, 2011ರಲ್ಲಿ ನನ್ನ ಕಾರಿಗೆ ನಾನೇ ಆ ಕೆಲಸ ಮಾಡಿದ್ದೆ. 4.3 ಇಂಚಿನ ಯೂನಿಟ್ ಇತ್ತು. ಡ್ಯಾಶ್‌ಬೋರ್ಡಿನ ನಡುವೆ ಅಳತೆ ಹಾಕಿ ತೂತು ಮಾಡಿದೆ. ಸುತ್ತ ಎಂ-ಸೀಲ್ ತುಂಬಿ, ಉಜ್ಜಿ, ಕಪ್ಪು ಬಣ್ಣ ಹೊಡೆದೆ. ನೋಡಿದವರೆಲ್ಲ ಮೆಚ್ಚಿದರು. ಎರಡನೇ ಬೇಸಿಗೆಗೆ ಒಳಗಿನ ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿತು. ಹೊರಗೆ ತೆಗೆಯಲು ಎಂ-ಸೀಲ್ ಒಡೆಯಬೇಕಾಯಿತು. ಮುಂದೆ ತಂದ ಯೂನಿಟ್ 5 ಇಂಚಿನದು. ಅದು ಆ ತೂತಿಗೆ ಹೊಂದಲಿಲ್ಲ. ಕಾರು ಮಾರುವವರೆಗೂ ತೂತು ಹಾಗೇ ಇತ್ತು. ಆಮೇಲೆ ಯಾರಿಗೆ ಮಾಡಿಕೊಟ್ಟರೂ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಯೂನಿಟ್ ಒತ್ತಿದರೆ ಕೂರಬೇಕು, ಎಳೆದರೆ ಕೈಗೆ ಬರಬೇಕು. ಕಾರಿನ ಜೊತೆ ಬಂದ ಯಾವ ಭಾಗಕ್ಕೂ ಬ್ಲೇಡ್ ತಾಗಬಾರದು.

ಈಗ ನಿಮ್ಮ ಗೂಡಿನ ಲೆಕ್ಕ ನೋಡೋಣ. ಸಣ್ಣ ಸ್ಟೀರಿಯೊ ಅಂದರೆ ಸಿಂಗಲ್ ಡಿನ್. ಅಗಲ ಸುಮಾರು 180 ಮಿ.ಮೀ., ಎತ್ತರ 50 ಮಿ.ಮೀ. ಕೆಳಗಿನ ಗೂಡೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಎರಡೂ ಸೇರಿದರೆ 180ಕ್ಕೆ 100. ಅದನ್ನೇ ಡಬಲ್ ಡಿನ್ ಅನ್ನುವುದು. 5 ಇಂಚಿನ ಯೂನಿಟ್ ಹೆಚ್ಚುಕಡಿಮೆ 140 ಅಗಲ, 85 ಎತ್ತರ ಬರುತ್ತದೆ. 50ರ ಗೂಡಿಗೆ 85ರ ಯೂನಿಟ್ ಹೇಗೆ ಹಿಡಿಯುತ್ತದೆ? ಸ್ಟೀರಿಯೊ ಬಿಚ್ಚಿ ಗ್ಲೋವ್ ಬಾಕ್ಸಿಗೆ ಸಾಗಿಸಿದರೆ ಮಾತ್ರ ಜಾಗ ಸಿಗುತ್ತದೆ. ಹಾಗೆ ಮಾಡುವವರಿದ್ದಾರೆ, ನೋಡಲೂ ಚೆಂದ ಇರುತ್ತದೆ. ನಾನು ಬೇಡ ಅನ್ನುವುದು ಎರಡು ಕಾರಣಕ್ಕೆ. ಒಂದು ಕಣ್ಣು, ಇನ್ನೊಂದು ಆಕಾಶ.

ಕಣ್ಣಿನ ಮಾತು ಮೊದಲು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಗೇರಿನ ಹತ್ತಿರ ಇರುವ ಪರದೆ ನೋಡಲು ತಲೆ ತಗ್ಗಿಸಿ, ಓದಿ, ಮತ್ತೆ ರಸ್ತೆಗೆ ಕಣ್ಣು ತರಲು ಎರಡು ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. 22 ಮೀಟರ್ ನೀವು ರಸ್ತೆ ನೋಡದೆ ಓಡಿಸಿದ ಹಾಗಾಯಿತು. ನಿಮ್ಮ ಕಡೆಯ ರಸ್ತೆಯಲ್ಲಿ ಅಷ್ಟರೊಳಗೆ ಎದುರಿಗೆ ಬಸ್ಸು ಬಂದು ನಿಂತಿರುತ್ತದೆ. ಪರದೆ ಮುಂದಿನ ಗಾಜಿನ ಕೆಳ ಅಂಚಿನ ಹತ್ತಿರ ಇದ್ದರೆ ತಲೆ ಆಡಿಸಬೇಕಾಗಿಲ್ಲ. ಕಣ್ಣು ಸ್ವಲ್ಪ ಇಳಿದರೆ ಸಾಕು, ರಸ್ತೆ ಆಗಲೂ ಕಣ್ಣಂಚಿನಲ್ಲಿ ಇರುತ್ತದೆ. ಕಾನೂನೂ ಇದನ್ನೇ ಕೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರದ ಮೋಟಾರು ವಾಹನ ನಿಯಮದ ತಿದ್ದುಪಡಿಯಂತೆ, ಗಾಡಿ ಓಡಿಸುವಾಗ ಮೊಬೈಲಿನಂಥ ಕೈ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು. ಅದೂ ಚಾಲಕರ ಗಮನ ಕೆಡದ ಹಾಗೆ.

ಇನ್ನು ಆಕಾಶ. ಮಲೆನಾಡಿನಲ್ಲಿ ಇದೇ ದೊಡ್ಡ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಸಿಗ್ನಲ್ ನೆಲ ಮುಟ್ಟುವಾಗ ತೀರಾ ದುರ್ಬಲ. ಗಾಜು, ಪ್ಲಾಸ್ಟಿಕ್, ಬಟ್ಟೆ ಇದ್ದರೆ ದಾಟಿಕೊಂಡು ಬರುತ್ತದೆ. ಲೋಹ ಅಡ್ಡ ಬಂದರೆ ನಿಂತೇ ಹೋಗುತ್ತದೆ. ನೀವು ಎಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ ಅಂತ ಹೇಳಲು ಯೂನಿಟ್‌ಗೆ ಒಂದೇ ಹೊತ್ತಿಗೆ ಕನಿಷ್ಠ 4 ಉಪಗ್ರಹ ಕೇಳಿಸಬೇಕು. ಜಾಸ್ತಿ ಕೇಳಿಸಿದಷ್ಟೂ, ಅವು ಆಕಾಶದ ಬೇರೆ ಬೇರೆ ದಿಕ್ಕಿನಲ್ಲಿ ಇದ್ದಷ್ಟೂ ಜಾಗ ನಿಖರ. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ಸಮಸ್ಯೆಯೇ ಅಲ್ಲ. ಅಲ್ಲಿ ಕೆಳಗಿನ ಗೂಡಿನಲ್ಲಿ ಇಟ್ಟರೂ ಅದು ಕೆಲಸ ಮಾಡೀತು. ನಮ್ಮಲ್ಲಿ ಘಾಟಿಯ ಒಂದು ಪಕ್ಕದ ಗುಡ್ಡವೇ ಅರ್ಧ ಆಕಾಶ ಮುಚ್ಚಿರುತ್ತದೆ. ಉಳಿದರ್ಧವನ್ನು ಮರಗಳು ಮುಚ್ಚುತ್ತವೆ. ಒಣ ಎಲೆಗಿಂತ ನೆನೆದ ಎಲೆ ಈ ಸಿಗ್ನಲನ್ನು ಜಾಸ್ತಿ ನುಂಗುತ್ತದೆ. ಇಂಥಲ್ಲಿ ಸ್ಟೀರಿಯೊ ಜಾಗಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ. ಸುತ್ತ ತಗಡಿನ ಚೌಕಟ್ಟು, ಹಿಂದೆ ಡ್ಯಾಶ್‌ಬೋರ್ಡ್ ಹೊತ್ತ ಉಕ್ಕಿನ ತೊಲೆ, ಮೇಲೆ ಕಾರಿನ ಮಾಡು. ಮೊದಲೇ ಚೂರುಪಾರು ಉಳಿದಿದ್ದ ಆಕಾಶವನ್ನೂ ನಾವೇ ಕಿತ್ತುಕೊಂಡ ಹಾಗೆ.

ಇನ್ನೊಂದು ಸಂಗತಿ ನಿಮಗೆ ದಿನವೂ ಉಪಯೋಗಕ್ಕೆ ಬರುತ್ತದೆ. ಪ್ರತಿ ಉಪಗ್ರಹವೂ ತಾನು ಈಗ ಎಲ್ಲಿದ್ದೇನೆ ಅನ್ನುವುದನ್ನು 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಯೂನಿಟ್ ಅದನ್ನು ತುಂಡಾಗದಂತೆ ಕೇಳಿಸಿಕೊಳ್ಳಬೇಕು. ಕಾರು ಸ್ಟಾರ್ಟ್ ಮಾಡಿ ಕೂಡಲೇ ಮರದಡಿಯ ದಾರಿಗೆ ಇಳಿದರೆ ನಡುನಡುವೆ ತುಂಡಾಗುತ್ತದೆ, ಅದು ಮತ್ತೆ ಮೊದಲಿನಿಂದ ಕೇಳಬೇಕಾಗುತ್ತದೆ. 'ಹುಡುಕುತ್ತಿದೆ' ಅಂತ ಐದಾರು ಕಿಲೋಮೀಟರ್ ಸುಮ್ನೆ ತೋರಿಸುವುದು ಇದಕ್ಕೇ. ಅಂಗಳದಲ್ಲಿ, ಆಕಾಶ ಕಾಣುವ ಕಡೆ, ಒಂದೆರಡು ನಿಮಿಷ ಆನ್ ಮಾಡಿ ಇಟ್ಟು ಆಮೇಲೆ ಹೊರಡಿ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಯೂನಿಟ್ ಆದರೆ ಮೊದಲ ಸಲ ಕಾಲು ಗಂಟೆ ಕೊಡಿ. ಎಲ್ಲ ಉಪಗ್ರಹಗಳ ಪಂಚಾಂಗ, ಅಂದರೆ ಯಾವುದು ಯಾವಾಗ ಎಲ್ಲಿರುತ್ತದೆ ಅನ್ನುವ ಪಟ್ಟಿ, ಪೂರ್ತಿ ಇಳಿಯಲು 12.5 ನಿಮಿಷ ಬೇಕು.

ಹಾಗಾದರೆ ಎಲ್ಲಿ ಕೂರಿಸಬೇಕು? ನಡುವಿನ ಎಸಿ ಕಿಂಡಿಗಳ ಮುಂದೆ, ಯೂನಿಟ್‌ನ ಮೇಲಿನ ಅರ್ಧ ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತೆ. ನಾಲ್ಕೈದು ಸೆಂ.ಮೀ. ಮೇಲೆ ಬಂದರೆ ಸಾಕು. ಬಾನೆಟ್ ಕಾಣುವ ಗೆರೆಗಿಂತ ಮೇಲೆ ಹೋಗಬಾರದು. ನಿಮ್ಮ ಸೀಟಿನಲ್ಲಿ ನೀವು ಯಾವಾಗಲೂ ಕೂರುವ ಹಾಗೇ ಕೂತು ಇದನ್ನು ನೋಡಿ. ಎಸಿ ಗಾಳಿ ಸ್ವಲ್ಪ ಅಡ್ಡವಾಗುತ್ತದೆ, ನಿಜ. ಆದರೆ ಆ ತಣ್ಣನೆ ಗಾಳಿ ಬೇಸಿಗೆಯಲ್ಲಿ ಯೂನಿಟ್ ಬೆನ್ನಿಗೆ ತಾಗುವುದು ಒಳ್ಳೆಯದೇ.

ಎರಡು ಜಾಗ ಮಾತ್ರ ಬೇಡವೇ ಬೇಡ. ಗಾಜಿನ ಬುಡದಲ್ಲಿ ಉದ್ದಕ್ಕೆ ಇರುವ ಸೀಳು, ಗಾಜಿನ ಮಂಜು ತೆಗೆಯುವ ಗಾಳಿ ಬರುವ ಜಾಗ. ಜುಲೈ ತಿಂಗಳಲ್ಲಿ ಮಾಸ್ತಿಕಟ್ಟೆ ದಾಟುವಾಗ ಅದು ಇಲ್ಲದಿದ್ದರೆ ನಿಮಗೆ ರಸ್ತೆಯೇ ಕಾಣುವುದಿಲ್ಲ. ಇನ್ನೊಂದು, ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಗುರುತು ಇದ್ದರೆ ಅದರ ಮುಚ್ಚಳ. ಏರ್‌ಬ್ಯಾಗ್ ಸೆಕೆಂಡಿನ ನೂರನೇ ಮೂರು ಪಾಲಿನಷ್ಟು ಹೊತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಏನಿದ್ದರೂ ಪಕ್ಕದಲ್ಲಿ ಕೂತವರ ಮುಖಕ್ಕೆ ಹಾರುತ್ತದೆ.

ಜಾಗ ಗೊತ್ತಾಯಿತು ಅಂತ ಕೂಡಲೇ ಡ್ರಿಲ್ಲಿಂಗ್ ಮೆಷಿನ್ ಹಿಡಿಯಬೇಡಿ. ಮದುವೆ ಕಾಗದದಂಥ ದಪ್ಪ ರಟ್ಟಿನಲ್ಲಿ ಯೂನಿಟ್ ಅಳತೆಯ ತುಂಡು ಕತ್ತರಿಸಿ, ಟೇಪ್ ಹಾಕಿ ಆ ಜಾಗಕ್ಕೆ ಅಂಟಿಸಿ ಒಂದು ವಾರ ಓಡಾಡಿ. ಗೇರ್ ಹಾಕುವಾಗ, ಎಸಿ ತಿರುಗಿಸುವಾಗ ಕೈಗೆ ತಾಗುತ್ತದಾ? ಎಡ ತಿರುವಿನಲ್ಲಿ ಏನಾದರೂ ಮರೆಯಾಗುತ್ತದಾ? ಇನ್ನೊಂದು ದಿನ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು, ಯೂನಿಟ್ ಅನ್ನು ಅದೇ ಜಾಗದಲ್ಲಿ ಅವರ ಕೈಯಲ್ಲಿ ಹಿಡಿಸಿ, ನಗರ, ನಿಟ್ಟೂರು, ಸಂಪೆಕಟ್ಟೆ ಕಡೆ ಹೋಗಿ ಬನ್ನಿ. ಎಷ್ಟೋ ಯೂನಿಟ್‌ಗಳಲ್ಲಿ ಸಿಗ್ನಲ್ ಗುರುತನ್ನು ಒತ್ತಿ ಹಿಡಿದರೆ ಉಪಗ್ರಹಗಳ ಪುಟ ತೆರೆಯುತ್ತದೆ. ಎಷ್ಟು ಉಪಗ್ರಹ, ಎಷ್ಟು ಮೀಟರ್ ನಿಖರ ಅಂತ ಅಲ್ಲೇ ಇರುತ್ತದೆ. ಅದೇ ಯೂನಿಟ್ ಅನ್ನು ಗೂಡಿನ ಬಾಯಲ್ಲಿ ಹಿಡಿದೂ ಒಮ್ಮೆ ನೋಡಿ. ಯಾಕೆ ಬೇಡ ಅಂದೆ ಅನ್ನುವುದು ಆಗ ನಿಮ್ಮ ಕಣ್ಣಿಗೇ ಕಾಣುತ್ತದೆ.

ಇನ್ನು ಕೂರಿಸುವ ಕೆಲಸ. ಇದರ ಗುಟ್ಟು ಇಷ್ಟೇ: ನಾವು ಗಟ್ಟಿ ಮಾಡುವುದು ಯೂನಿಟ್ ಅನ್ನು ಅಲ್ಲ, ಅದರ ಹೋಲ್ಡರನ್ನು. ನಿಮ್ಮ ರಬ್ಬರ್ ಕಪ್ಪಿನ ಕಡ್ಡಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಹೋಲ್ಡರ್ ಇದೆ ಅಲ್ವಾ? ಯೂನಿಟ್ ಕಟಕ್ ಅಂತ ಕೂರುವುದು ಅದರಲ್ಲೇ. ಅದನ್ನು ಕಡ್ಡಿಯಿಂದ ಬೇರೆ ಮಾಡಿ ಇಟ್ಟುಕೊಳ್ಳಿ. ಗಾರ್ಮಿನ್ ಯೂನಿಟ್ ಆದರೆ ಹೋಲ್ಡರ್ ಹಿಂದೆ 17 ಮಿ.ಮೀ. ಗುಂಡು ಕೂರುವ ಗುಳಿ ಇರುತ್ತದೆ. ಆ ಅಳತೆಯ ಗುಂಡು ಇರುವ, ಸ್ಕ್ರೂ ಹಾಕುವ ಬುಡ ಬೇರೆಯಾಗಿ ಸಿಗುತ್ತದೆ. ಅದನ್ನು ಹಾಕಿದರೆ ಪರದೆಯನ್ನು ಬೇಕಾದ ಕಡೆ ತಿರುಗಿಸಿಕೊಳ್ಳಬಹುದು.

ಹೋಲ್ಡರನ್ನು ಹೊರಲು ಒಂದು ಬ್ರಾಕೆಟ್ ಬೇಕು. ಸ್ಟೀರಿಯೊ ಸುತ್ತಲಿನ ಪ್ಯಾನೆಲ್ ಬಿಚ್ಚಿದರೆ ಒಳಗೆ ಸ್ಟೀರಿಯೊ ಹಿಡಿದ ಸ್ಕ್ರೂಗಳು ಎಡಬಲದಲ್ಲಿ ಕಾಣುತ್ತವೆ. ಅವೇ ನಮ್ಮ ಆಧಾರ. 30 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ತೆಗೆದುಕೊಳ್ಳಿ. ಗ್ರಿಲ್, ಗೇಟು ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬಗ್ಗಿಸಿ ಕೊಡುತ್ತಾರೆ. ಅದು ಸ್ಟೀರಿಯೊ ಸ್ಕ್ರೂಗಳ ಮೇಲೆ ಕೂತು, ಪ್ಯಾನೆಲ್‌ನ ಮೇಲಂಚಿನ ಸಂದಿನಿಂದ ಹೊರಗೆ ಬಂದು, ಮೇಲಕ್ಕೆ ಬಗ್ಗಿ ಹೋಲ್ಡರ್ ಹಿಡಿಯಬೇಕು. ಅಲ್ಯೂಮಿನಿಯಂ ಹಗುರ, ಕೈಯಲ್ಲೇ ಬಗ್ಗುತ್ತದೆ. ಆದರೆ ಇದೇ ದಪ್ಪದ್ದು ನಮ್ಮ ಹೊಂಡದ ರಸ್ತೆಗೆ ನಡುಗುತ್ತದೆ. ಬರಿ ಕಬ್ಬಿಣ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಪಟ್ಟಿ ಬಗ್ಗುವ ಕಡೆ, ಡ್ಯಾಶ್‌ಬೋರ್ಡಿಗೆ ಒರಗುವ ಹಾಗೆ, ಫೆಲ್ಟ್ ಬಟ್ಟೆಯ ತುಂಡು ಅಂಟಿಸಿ. ಕಟಕಟ ಸದ್ದು ನಿಲ್ಲುತ್ತದೆ. ಪಟ್ಟಿಯ ತುದಿ ಯೂನಿಟ್‌ನ ಮೇಲಂಚಿನವರೆಗೆ ಹೋಗುವುದು ಬೇಡ. ಆಂಟೆನಾ ಸಾಮಾನ್ಯವಾಗಿ ಮೇಲ್ಭಾಗದಲ್ಲೇ ಇರುತ್ತದೆ.

ಪ್ಯಾನೆಲ್‌ನ ಸಂದು ಅಷ್ಟು ಅಗಲ ಇರುವುದಿಲ್ಲ. ಮೇಲಂಚಿನಲ್ಲಿ ಒಂದೂವರೆ ಮಿ.ಮೀ. ಆಳದ ಸಣ್ಣ ಕಚ್ಚು ಹಾಕಲೇಬೇಕು. ಕತ್ತರಿಸಬೇಡಿ ಅಂದವನೇ ಹೀಗೆ ಹೇಳುತ್ತಿದ್ದಾನಲ್ಲ ಅನ್ನಿಸಬಹುದು. ಅದಕ್ಕೇ ಗುಜರಿ ಅಂಗಡಿಗೆ ಹೋಗಿ. 11 ವರ್ಷದ ಕಾರಿನ ಸ್ಟೀರಿಯೊ ಪ್ಯಾನೆಲ್ ಶಿವಮೊಗ್ಗದ ಗುಜರಿಗಳಲ್ಲಿ ಹುಡುಕಿದರೆ ಸಿಗುತ್ತದೆ. ನಿಮ್ಮದನ್ನು ಬಿಚ್ಚಿ ಒಯ್ದು ಕ್ಲಿಪ್ಪುಗಳ ಜಾಗ ಹೋಲಿಸಿ ತನ್ನಿ. ಬ್ಲೇಡ್ ತಾಗುವುದು ಅದಕ್ಕೆ. ನಿಮ್ಮದು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿರಲಿ. ಕಾರು ಮಾರುವ ದಿನ ಅದನ್ನು ವಾಪಸ್ ಹಾಕಿದರೆ, ಇಲ್ಲಿ ಏನೋ ಇತ್ತು ಅಂತಲೂ ಯಾರಿಗೂ ಗೊತ್ತಾಗುವುದಿಲ್ಲ.

ಪ್ಯಾನೆಲ್ ಬಿಚ್ಚಲು ಸ್ಕ್ರೂಡ್ರೈವರ್ ತುರುಕಬೇಡಿ, ಗೀರು ಬೀಳುತ್ತದೆ. ಬಿದಿರಿನ ಸೀಳನ್ನು ತುದಿ ತೆಳ್ಳಗೆ ಹೆರೆದು ಬಳಸಿ. ಪೇಟೆಯ ಪ್ಲಾಸ್ಟಿಕ್ ಸಾಧನಕ್ಕಿಂತ ನನಗೆ ಇದೇ ಇಷ್ಟ. ಕ್ಲಿಪ್ಪು ಇರುವ ಕಡೆಗೇ ಒತ್ತಿ, ಒಂದೊಂದಾಗಿ ಬಿಡಿಸಿ. ಚಳಿಯ ಬೆಳಿಗ್ಗೆ ಈ ಕೆಲಸಕ್ಕೆ ಕೂರಬೇಡಿ. ಹಳೆಯ ಪ್ಲಾಸ್ಟಿಕ್ ತಣ್ಣಗಿದ್ದಾಗ ಪಟ್ ಅಂತ ಮುರಿಯುತ್ತದೆ. ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಶುರು ಮಾಡಿ. ಅದಕ್ಕೂ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಒಳಗೆ ಹಳದಿ ಕವಚದ ವೈರೋ ಹಳದಿ ಕನೆಕ್ಟರೋ ಕಂಡರೆ ಅದು ಏರ್‌ಬ್ಯಾಗಿನದು. ವೋಲ್ಟ್ ನೋಡುವ ಮೀಟರ್ ಕೂಡ ತಾಗಿಸಬೇಡಿ.

ಬ್ರಾಕೆಟ್ ಹಾಕಿದ ಮೇಲೆ ಯೂನಿಟ್ ಗಟ್ಟಿ ಕೂರುತ್ತದೆ. ಆದರೆ ಬೋಳಾಗಿ ಕಾಣುತ್ತದೆ. ಕಂಪನಿಯದ್ದೇ ಅನ್ನಿಸಲು ಸುತ್ತ ಒಂದು ಫ್ರೇಮ್ ಬೇಕು. ಅದನ್ನು ಮೊದಲು ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆಯಲ್ಲಿ ಮಾಡಿ ನೋಡಿ. ಫ್ಲೆಕ್ಸ್, ಬೋರ್ಡು ಮಾಡುವವರ ಹತ್ತಿರ ತುಂಡು ಸಿಗುತ್ತದೆ, ಕಟರಿನಲ್ಲೇ ಕತ್ತರಿಸಬಹುದು. ಇದು ಮಾದರಿಗೆ ಮಾತ್ರ. ಬೇಸಿಗೆಯಲ್ಲಿ ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಬಹುದು, ಸನ್‌ಬೋರ್ಡ್ ಆ ಬಿಸಿಗೆ ಸೊಟ್ಟಗಾಗುತ್ತದೆ. ಕೊನೆಯ ಫ್ರೇಮಿಗೆ 3 ಮಿ.ಮೀ. ದಪ್ಪದ, ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ ತನ್ನಿ. ಒಳಗಿನ ಕಿಂಡಿಯನ್ನು ಗೆರೆಗಿಂತ 2 ಮಿ.ಮೀ. ಚಿಕ್ಕದಾಗಿ ಕತ್ತರಿಸಿ, ಅರದಲ್ಲಿ ಉಜ್ಜಿ ಅಳತೆಗೆ ತನ್ನಿ. ನಾಲ್ಕು ಮೂಲೆಗೂ ಮೊದಲು 4 ಮಿ.ಮೀ. ತೂತು ಹಾಕಿಕೊಳ್ಳಿ. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಯೂನಿಟ್ ಸುತ್ತ ಎಲ್ಲ ಕಡೆ 1 ಮಿ.ಮೀ. ಸಂದು ಬಿಟ್ಟು, ಅದಕ್ಕೆ ತೆಳು ಫೆಲ್ಟ್ ಟೇಪ್ ಅಂಟಿಸಿ. ಆಗ ಅದು ಅಲುಗುವುದಿಲ್ಲ, ಎಳೆದರೆ ಬರುತ್ತದೆ.

ಅಂಟಿನ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಪ್ಯಾನೆಲ್ ತಿರುಗಿಸಿ ಹಿಂಭಾಗ ನೋಡಿ. ಸಣ್ಣ ಅಕ್ಷರದಲ್ಲಿ ಪ್ಲಾಸ್ಟಿಕ್ಕಿನ ಹೆಸರು ಅಚ್ಚೊತ್ತಿರುತ್ತದೆ. ಎಬಿಎಸ್ ಅಂತಿದ್ದರೆ ಅಂಟು, ಪುಟ್ಟಿ, ಬಣ್ಣ ಎಲ್ಲ ಹಿಡಿಯುತ್ತದೆ. ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದರೆ ಅದೇ ಒಳ್ಳೆಯ ಅಂಟು. ಪಿಪಿ ಅಂತಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಎಂ-ಸೀಲ್ ಆಗಲಿ, ಫೆವಿಕ್ವಿಕ್ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಇವತ್ತು ಗಟ್ಟಿ ಅನ್ನಿಸುತ್ತದೆ, ಆರು ತಿಂಗಳಿಗೆ ಹೆಕ್ಕಳಿಕೆಯ ಹಾಗೆ ಎದ್ದು ಬರುತ್ತದೆ. ಪಿಪಿಗೆ ಸ್ಕ್ರೂ, ಕ್ಲಿಪ್ಪೇ ಸರಿ. ಡಬಲ್ ಟೇಪ್ ಹಾಕುವ ಕಡೆ ಡ್ಯಾಶ್‌ಬೋರ್ಡ್ ಪಾಲಿಶ್ ಬಳಿದಿದ್ದರೆ ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಮೂರು ಸಲ ಒರೆಸಿ ತೆಗೆಯಬೇಕು. ವಿಎಚ್‌ಬಿ ತರಹದ ಒಳ್ಳೆಯ ಟೇಪಿಗೂ ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಅಂಟಿಸಿದ ದಿನವೇ ಅದರ ಮೇಲೆ ಭಾರ ಹಾಕಬೇಡಿ.

ಎಬಿಎಸ್ ಫ್ರೇಮನ್ನು 240ರ ವಾಟರ್ ಪೇಪರ್, ಆಮೇಲೆ 400, ಆಮೇಲೆ 800ರಲ್ಲಿ ನೀರು ಹಾಕಿ ಉಜ್ಜಿ. ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಮ್ಯಾಟ್ ಕಪ್ಪು ಸ್ಪ್ರೇ ಮಾಡಿ. ಹೊಳೆಯುವ ಕಪ್ಪು ಬೇಡ. ಬಿಸಿಲಲ್ಲಿ ಮಿಂಚುತ್ತದೆ, ರಾತ್ರಿ ಗಾಜಿನಲ್ಲಿ ಪ್ರತಿಬಿಂಬ ಕಾಣುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಬಣ್ಣ ಬೆಳ್ಳಗೆ ಮಂಕಾಗುವುದುಂಟು. ಬಿಸಿಲಿನ ದಿನ ನೋಡಿಕೊಳ್ಳಿ.

ಫ್ರೇಮ್ ಮಾಡುವ ಮುಂಚೆ ಯೂನಿಟ್ ಅನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿ. ಆನ್ ಮಾಡುವ ಬಟನ್ ಎಲ್ಲಿದೆ, ಮೆಮೊರಿ ಕಾರ್ಡ್ ಎಲ್ಲಿ ಹಾಕಬೇಕು, ಚಾರ್ಜರ್ ಪಿನ್ ಕೆಳಗೋ ಪಕ್ಕಕ್ಕೋ. ಸ್ಪೀಕರ್ ಬಹಳಷ್ಟು ಯೂನಿಟ್‌ಗಳಲ್ಲಿ ಬೆನ್ನಿಗಿರುತ್ತದೆ. ಅದನ್ನು ಮುಚ್ಚಿಬಿಟ್ಟರೆ 'ಬಲಕ್ಕೆ ತಿರುಗಿ' ಅನ್ನುವ ಮಾತು ಮಳೆ ಸದ್ದಿನಲ್ಲಿ ಕೇಳಿಸುವುದಿಲ್ಲ. ನಮಗೆ ಪರದೆಗಿಂತ ಆ ಮಾತು ಮುಖ್ಯ, ಕಣ್ಣು ರಸ್ತೆ ಮೇಲೆ ಇರುತ್ತದೆ. ಬೆನ್ನಿನ ಹಿಂದೆ ಕನಿಷ್ಠ 10 ಮಿ.ಮೀ. ಜಾಗ ಬಿಡಿ. ಬಿಸಿ ಹೊರಗೆ ಹೋಗಲೂ ಅದೇ ದಾರಿ. ಪರದೆಯನ್ನು ಬಲಕ್ಕೆ, ನಿಮ್ಮ ಕಡೆಗೆ ಸ್ವಲ್ಪ ತಿರುಗಿಸಿ ಕೂರಿಸಿ. ಬೆನ್ನಲ್ಲಿ ಸಣ್ಣ ರಬ್ಬರ್ ಮುಚ್ಚಳದ ಅಡಿ ದುಂಡಗಿನ ಆಂಟೆನಾ ಸಾಕೆಟ್ ಕಂಡರೆ ನಿಮ್ಮ ಅದೃಷ್ಟ. ಹೊರಗಿನ ಆಂಟೆನಾ ತಂದು ಮುಂದಿನ ಗಾಜಿನ ಅಡಿಯಲ್ಲಿ ಅಂಗಾತ ಇಟ್ಟರೆ ಕಾಡಿನಲ್ಲೂ ಹಿಡಿತ ಸುಧಾರಿಸುತ್ತದೆ.

ಕರೆಂಟಿನ ಕೆಲಸ ನಿಮಗೆ ಹೊಸದಲ್ಲ, ದಿನವೂ ಪಂಪ್‌ಸೆಟ್ ಬಿಚ್ಚುವವರು. ಆದರೂ ಒಂದು ವ್ಯತ್ಯಾಸ ಇದೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಸಸಾರ ಮಾಡಬೇಡಿ. ಕಾರಿನ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಕೊಡುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ವೈರಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಫ್ಯೂಸ್ ಇಲ್ಲದೆ ಒಂದು ಇಂಚು ವೈರೂ ಎಳೆಯಬೇಡಿ.

ಫ್ಯೂಸ್ ಬಾಕ್ಸಿನಲ್ಲಿ, ಕೀ ಮೊದಲ ಹಂತಕ್ಕೆ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್ ಹುಡುಕಿ. ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ ಹಾಗಿರುತ್ತದೆ. ಮೀಟರ್ ಹಿಡಿದು ನೋಡಿ, ಕೀ ತೆಗೆದಾಗ ಸೊನ್ನೆ ಆಗಬೇಕು. ಯಾವಾಗಲೂ ಕರೆಂಟ್ ಇರುವ ಕಡೆ ಕೊಟ್ಟರೆ, ಮಳೆಗೆ ಎಂಟು ಹತ್ತು ದಿನ ಕಾರು ಶೆಡ್ಡಿನಲ್ಲೇ ನಿಂತಾಗ ಬ್ಯಾಟರಿ ಇಳಿಯುತ್ತದೆ. ಆ ಫ್ಯೂಸಿನ ಜಾಗಕ್ಕೆ ಫ್ಯೂಸ್ ಟ್ಯಾಪ್ ಹಾಕಿ, ಅಂದರೆ ಎರಡು ಫ್ಯೂಸ್ ಕೂರುವ, ಹೊಸ ವೈರು ಹೊರಡುವ ಸಣ್ಣ ಸಾಧನ. ಹಳೆಯ ಫ್ಯೂಸ್ ಕೆಳಗಿನ ಮನೆಗೆ, ಹೊಸ 2 ಆಂಪಿಯರ್ ಫ್ಯೂಸ್ ಮೇಲಿನ ಮನೆಗೆ. ಯೂನಿಟ್ ಚಾರ್ಜರ್ ಎಳೆಯುವುದು 12 ವೋಲ್ಟಿನಲ್ಲಿ ಒಂದು ಆಂಪಿಯರ್‌ಗಿಂತ ಕಡಿಮೆ, ಹಾಗಾಗಿ 2 ಸಾಕು. ಟ್ಯಾಪ್ ಸರಿ ದಿಕ್ಕಿನಲ್ಲಿ ಕೂತಿದೆಯಾ ಅಂತ ಹೀಗೆ ನೋಡಿ: ಹಳೆಯ ಫ್ಯೂಸ್ ತೆಗೆದು, ಕೀ ಆನ್ ಮಾಡಿ, ಟ್ಯಾಪಿನ ವೈರಿಗೆ ಮೀಟರ್ ಹಿಡಿಯಿರಿ. 12 ವೋಲ್ಟ್ ಬಂದರೆ ಸರಿ. ಬರದಿದ್ದರೆ ಟ್ಯಾಪನ್ನು ತಿರುಗಿಸಿ ಹಾಕಿ.

ಚಾರ್ಜರಿನ ವೈರು ಕತ್ತರಿಸಿ ಬೇರೆ ಮಾಡ್ಯೂಲಿಗೆ ಬೆಸುಗೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಾಮಾನ್ಯ ಯುಎಸ್‌ಬಿ ಕೇಬಲ್ ಕೊಟ್ಟರೆ ಕೆಲವು ಯೂನಿಟ್‌ಗಳು ಕಂಪ್ಯೂಟರಿಗೆ ಸೇರಿಸಿದ್ದಾರೆ ಅಂದುಕೊಂಡು ಮ್ಯಾಪನ್ನೇ ತೋರಿಸುವುದಿಲ್ಲ. ಯೂನಿಟ್ ಜೊತೆ ಬಂದ ಚಾರ್ಜರನ್ನೇ ಬಳಸಿ. ಒಂದು ಬಿಡಿ ಲೈಟರ್ ಸಾಕೆಟ್ ತಂದು ಡ್ಯಾಶ್‌ಬೋರ್ಡ್ ಹಿಂದೆ ಕಟ್ಟಿ, ಚಾರ್ಜರನ್ನು ಅದಕ್ಕೆ ಚುಚ್ಚಿಬಿಡಿ. ಕುಲುಕಾಟಕ್ಕೆ ಕಳಚದ ಹಾಗೆ ಎರಡು ಕೇಬಲ್ ಟೈ ಬಿಗಿದು, ಮೇಲೆ ಫೆಲ್ಟ್ ಟೇಪ್ ಸುತ್ತಿ. ಕೇಬಲ್ಲಿನ ತುದಿ ಬ್ರಾಕೆಟ್ ಹಿಂಬದಿಯಿಂದ ಮೇಲೆ ಬಂದು ಹೋಲ್ಡರ್ ಪಕ್ಕದಲ್ಲಿ ನಿಂತಿರಲಿ. ಗೇರಿಗೆ ಸುತ್ತಿಕೊಳ್ಳುತ್ತಿದ್ದ ವೈರು ಇನ್ನು ಕಣ್ಣಿಗೇ ಬೀಳುವುದಿಲ್ಲ.

ವೈರು 0.75 ಚದರ ಮಿ.ಮೀ., ಎಳೆ ಎಳೆಯದು ಇರಲಿ. ಒಂಟಿ ತಂತಿಯದು ಅದುರಿ ಅದುರಿ ಒಳಗೇ ತುಂಡಾಗುತ್ತದೆ. ಜೋಡಣೆಗೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಸಾದಾ ಇನ್ಸುಲೇಶನ್ ಟೇಪ್ ಬಿಸಿಗೆ ಜಿಗುಟಾಗಿ ಬಿಚ್ಚಿಕೊಳ್ಳುತ್ತದೆ. ಅರ್ಥ್ ವೈರಿಗೆ ರಿಂಗ್ ಟರ್ಮಿನಲ್ ಹಾಕಿ, ಬಾಡಿಯ ಒಂದು ಬೋಲ್ಟಿನ ಸುತ್ತ ಬಣ್ಣ ಕೆರೆದು ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅಲ್ಲೇ ಮೊದಲು ತುಕ್ಕು ಶುರುವಾಗುತ್ತದೆ. ಆಮೇಲೆ ಯೂನಿಟ್ ಆಗಾಗ ಆರಿ ಹೊತ್ತುತ್ತದೆ, ನೀವು ಯೂನಿಟ್ಟೇ ಕೆಟ್ಟಿತು ಅಂದುಕೊಳ್ಳುತ್ತೀರಿ.

ಕಾರು ಬಿಸಿಲಿಗೆ ನಿಲ್ಲಿಸಿ ಇಳಿಯುವಾಗ ಯೂನಿಟ್ ಕಿತ್ತು ಜೊತೆಗೆ ಒಯ್ಯಿರಿ, ಇಲ್ಲವೇ ಸೀಟಿನ ಅಡಿ ನೆರಳಲ್ಲಿಡಿ. ಅದರೊಳಗಿನ ಲೀಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಪರದೆಯ ಒಂದು ಅಂಚು ಸ್ವಲ್ಪ ಎದ್ದ ಹಾಗೆ ಕಂಡರೂ ಬಳಸುವುದು ನಿಲ್ಲಿಸಿ, ಬ್ಯಾಟರಿ ಬದಲಿಸಿ. ಹಳೆಯ ಯೂನಿಟ್ ಆದ್ದರಿಂದ ಇದನ್ನು ಈಗಲೇ ಒಮ್ಮೆ ನೋಡಿಬಿಡಿ.

ಯೂನಿಟ್ ಕೈಗೆ ಬರುವಂತಿರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಮ್ಯಾಪು. ಅದನ್ನು ಹೊಸದು ಮಾಡಲು ಕಂಪ್ಯೂಟರಿಗೆ ಜೋಡಿಸಲೇಬೇಕು. ನಿಮ್ಮದು ಎಷ್ಟು ಹಳೆಯದು ಅಂತ ತಿಳಿಯಲು ಶರಾವತಿ ಹಿನ್ನೀರಿನ ಎರಡು ದಡದ ಅಂಬಾರಗೊಡ್ಲು–ಕಳಸವಳ್ಳಿ ತೆಗೆದು ನೋಡಿ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಹಳೆಯ ಮ್ಯಾಪಿನಲ್ಲಿ ಇನ್ನೂ ಲಾಂಚೇ ಇರುತ್ತದೆ. ಸಿಗಂದೂರಿಗೆ ಹೊರಟವರನ್ನು ಹಿನ್ನೀರು ಸುತ್ತಿಸಿಕೊಂಡು ಹೋದರೂ ಹೋದೀತು. 'ಶಿವಮೊಗ್ಗ' ಅಂತ ಹುಡುಕಿದರೆ ಸಿಗದೆ 'ಶಿಮೊಗ' ಅಂದರೆ ಮಾತ್ರ ಸಿಕ್ಕಿತೋ, ಮ್ಯಾಪು 2014ರ ನವೆಂಬರಿಗೂ ಹಿಂದಿನದು ಇರಬಹುದು, ಹೆಸರು ಬದಲಾದದ್ದು ಆಗ. ಕಂಪನಿ ಹೊಸ ಮ್ಯಾಪ್ ಕೊಡುವುದು ನಿಲ್ಲಿಸಿದ್ದರೂ, ಗಾರ್ಮಿನ್ ಯೂನಿಟ್‌ಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಉಚಿತ ಮ್ಯಾಪನ್ನು ಮೆಮೊರಿ ಕಾರ್ಡಿನಲ್ಲಿ ಹಾಕಬಹುದು.

ಸೆಟ್ಟಿಂಗಿನಲ್ಲಿ 'ಹತ್ತಿರದ ದಾರಿ' ಅಂತಿದ್ದರೆ ತೆಗೆದು 'ಬೇಗ ಮುಟ್ಟುವ ದಾರಿ' ಮಾಡಿ. ಮಣ್ಣಿನ ರಸ್ತೆ ತಪ್ಪಿಸು ಅನ್ನುವುದಕ್ಕೂ ಗುರುತು ಹಾಕಿ. ಇಲ್ಲದಿದ್ದರೆ ಎರಡು ಕಿಲೋಮೀಟರ್ ಉಳಿಸಲು ಯಾರದೋ ತೋಟದ ಒಳದಾರಿಗೆ ಇಳಿಸುತ್ತದೆ, ಮಳೆಗಾಲದಲ್ಲಿ ಅಲ್ಲಿ ಚಕ್ರ ಹೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು.

ಕೊನೆಗೆ ನಿಮ್ಮ ಕೆಲಸಕ್ಕೆಂದೇ ಒಂದು ಮಾತು. ತೋಟದ ಮನೆಗಳಿಗೆ ಮ್ಯಾಪಿನಲ್ಲಿ ವಿಳಾಸ ಇರುವುದಿಲ್ಲ. ಒಂದು ಮನೆಗೆ ಮೊದಲ ಸಲ ಹೋದಾಗ ಅಂಗಳದಲ್ಲಿ ನಿಂತು ಆ ಜಾಗವನ್ನು ಹೆಸರು ಹಾಕಿ ಉಳಿಸಿಕೊಳ್ಳಿ. ಡಾಂಬರು ರಸ್ತೆಯಿಂದ ತಿರುಗುವ ಮೂಲೆಯನ್ನೂ ಬೇರೆಯಾಗಿ ಉಳಿಸಿ. ಕವಲುದಾರಿಯಲ್ಲಿ ತಪ್ಪುವುದು ಅಲ್ಲೇ ಜಾಸ್ತಿ. ಯೂನಿಟ್ ಹೇಗೂ ಕೈಗೆ ಬರುತ್ತದೆ, ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮುಂದೆ ಬೇರೆ ಯೂನಿಟ್ ತಂದರೆ ಅದಕ್ಕೂ ಅದೇ ಪಟ್ಟಿ ಹಾಕಿಕೊಳ್ಳಬಹುದು. ಬ್ರಾಕೆಟ್ಟಿಗೆ ಹೊಸ ಹೋಲ್ಡರ್ ಒಂದು ಬಿಗಿದರೆ ಆಯಿತು.